ಬಿಳಿ ಗಡ್ಡದ ಮದುವೆ ಗಂಡು

ಮುಖಕ್ಕೆ ಬಣ್ಣ ಹಚ್ಚಿ ಹೊಟ್ಟೆ ಹೊರೆಯುವವನ ಹಿಂದೆ ಫಜೀತಿಗಳು ಬೀದಿ ನಾಯಿಯ ಹಾಗೆ ಬರುತ್ತಲೇ ಇರುತ್ತವೆ. ಗದರಿದರೆ ಒಂದು ಗಳಿಗೆ ನಿಂತು ಮತ್ತೆ ಬರುತ್ತವೆ. ನನ್ನ ಹಿಂದೆ ಬಂದಷ್ಟು ಇನ್ಯಾರ ಹಿಂದೆಯೂ ಬಂದಿರಲಾರವು. ನನ್ನ ಹಾಗೆ ಪಾತ್ರ ಮಾಡುವವರು ಈ ಸೀಮೆಯಲ್ಲಿ ಇದ್ದರೆ ತಾನೇ!

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ, ಸಂಕೋಚ ಯಾಕೆ? ನಾನು ಹೆಗ್ಗನಹಳ್ಳಿಯವನು. ನಮ್ಮ ಹೊಲದಲ್ಲಿ ನಿಂತು ಎತ್ತನ್ನು ಗದರಿದರೆ ಸುಂಕದಕಟ್ಟೆಯಲ್ಲಿ ಉಳುತ್ತಿದ್ದ ಎತ್ತುಗಳೂ ನಿಂತುಬಿಡುತ್ತಿದ್ದವು. ಅಂಥ ಗಂಟಲು. ರಾಜಾಜಿನಗರದಲ್ಲಿ ಹೊಸ ಸೈಟುಗಳಿಗೆ ಕಲ್ಲು ನೆಡುತ್ತಿದ್ದ ಕಾಲಕ್ಕೆ ಅಲ್ಲೊಂದು ನಾಟಕ ಕಂಪನಿ ಬಂದು ತಗಡಿನ ಥಿಯೇಟರು ಕಟ್ಟಿತು. ಟಿಕೆಟು ಹರಿಯುವವನ ಜೊತೆ ನಾನು ಜಗಳ ಆಡುತ್ತಿದ್ದದ್ದು ಒಳಗಿದ್ದ ಮಾಲೀಕರಿಗೆ ಕೇಳಿಸಿತು. ಅವರ ಮುದಿ ರಾಜನ ಪಾತ್ರಧಾರಿಗೆ ಕೆಮ್ಮು ಹಿಡಿದು ಗಂಟಲು ಕಟ್ಟಿತ್ತು. "ಯಾರಯ್ಯ ಅದು? ಆ ಗಂಟಲನ್ನ ಒಳಗೆ ಕರ್ಕೊಂಡು ಬನ್ನಿ" ಅಂದರಂತೆ. ಗಂಟಲಿನ ಜೊತೆ ನಾನೂ ಹೋದೆ. ಆವತ್ತು ನನ್ನ ಗಲ್ಲಕ್ಕೆ ಅಂಟಿಸಿದ ಬಿಳಿ ಗಡ್ಡ ಇವತ್ತಿನವರೆಗೂ ಬಿಟ್ಟಿಲ್ಲ. ರಾಜ, ಋಷಿ, ಮಂತ್ರಿ, ಮಾವ, ಏನೇ ಆಗಲಿ, ತಲೆ ಬೆಳ್ಳಗಿದ್ದರೆ ಅದು ನನ್ನದು. ಹ್ಯಾಂಡ್‌ಬಿಲ್ಲಿನಲ್ಲಿ ನನ್ನ ಹೆಸರಿನ ಹಿಂದೆ 'ಹಿರಿಯ ಪೋಷಕ ನಟರು' ಎಂದು ಅಚ್ಚು ಹಾಕಿಸುತ್ತಾರೆ. ನನ್ನ ವಯಸ್ಸು ಇಪ್ಪತ್ತನಾಲ್ಕು. ನಮ್ಮ ನಾಯಕಿಗೆ ಮದುವೆಗೆ ಬಂದ ಮಗಳಿದ್ದಾಳೆ. ಆಯಮ್ಮ ದಿನಾ ಸಾಯಂಕಾಲ 'ಅಪ್ಪಾಜೀ' ಎಂದು ನನ್ನ ಕಾಲಿಗೆ ಬೀಳುತ್ತಾರೆ. ನಾನು 'ದೀರ್ಘಸುಮಂಗಲೀ ಭವ' ಎನ್ನುತ್ತೇನೆ. ನಾಯಕನ ಪಾತ್ರವನ್ನು ಮುಖ ಚೆನ್ನಾಗಿರುವ ಯಾವನು ಬೇಕಾದರೂ ಮಾಡುತ್ತಾನೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಮುದುಕ ಆಗುವುದಕ್ಕೆ ಗಂಡೆದೆ ಬೇಕು.

ಇಷ್ಟೆಲ್ಲ ಇದ್ದೂ ಹೆಣ್ಣು ಸಿಗಲಿಲ್ಲ. "ಹೊಲ ಐತೆ, ಎತ್ತು ಐತೆ, ಎಲ್ಲ ಸರಿ. ಆ ಬಣ್ಣ ಒಂದು ತೊಳೆಸಿ ಕರ್ಕೊಂಡು ಬನ್ನಿ" ಎಂದು ಹೋದ ಮನೆಯವರೆಲ್ಲ ಹೇಳಿ ಕಳಿಸಿದರು. ಕಡೆಗೆ ನನ್ನ ಸೋದರಮಾವ ಕೆಂಗೇರಿಯಲ್ಲಿ ಒಂದು ಸಂಬಂಧ ಹುಡುಕಿದ. ಹೋದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ನನ್ನ ಮುಂದಿಟ್ಟು ಒಂದು ಸಲ ತಲೆಯೆತ್ತಿ ನೋಡಿದಳು. ಅಷ್ಟೇ. ಸಿಂಹಾಸನದ ಮೇಲೆ ಒಂದು ಮಾತೂ ಮರೆಯದ ನಾನು ಚಾಪೆಯ ಮೇಲೆ ಉಪ್ಪಿಟ್ಟು ತಿನ್ನುವುದನ್ನೇ ಮರೆತೆ. ಹುಡುಗಿಯ ಅಪ್ಪ ಗೌಡರು ಮೀಸೆ ತೀಡಿಕೊಂಡು, "ವಿಚಾರಿಸಿ ಹೇಳ್ತೀವಿ" ಎಂದರು.

ದಾರಿಯಲ್ಲಿ ನಾನು ಹೇಳಿದೆ: "ಮಾವ, ಆದ್ರೆ ಇದೇ ಹುಡುಗಿ. ಇಲ್ದಿದ್ರೆ ನನಗೆ ಮದುವೆನೇ ಬೇಡ."

ಮಾವ ಹೇಳಿದ: "ಹಂಗಾದ್ರೆ ಅವ್ರು ವಿಚಾರಿಸೋವರೆಗೂ ಯಾವ ಅಧ್ವಾನಾನೂ ಮಾಡ್ಕೋಬೇಡ ಕಣ್ಲಾ. ಬಾಯಿ ಮುಚ್ಕೊಂಡಿರು."

ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಅಧ್ವಾನಗಳು ತಾವಾಗಿಯೇ ಬಂದವು.

ನನ್ನ ಸಾವಿನ ಊಟ

ನನ್ನ ಅಜ್ಜಿ ಒಂದು ದಿವಸವೂ ನಾಟಕ ನೋಡಿದವಳಲ್ಲ. ಮೊಮ್ಮಗ ರಾಜ ಆಗಿದ್ದಾನೆ ಅಂತ ಕೇಳಿ ಊರಿನವರ ಗಾಡಿ ಹತ್ತಿ ಬಂದಳು. ಮುಂದಿನ ಸಾಲಿನಲ್ಲಿ ಕೂರಿಸಿದೆ. ಆವತ್ತಿನ ನಾಟಕದಲ್ಲಿ ಮುದಿ ರಾಜ ಮಗನ ಕೈಯಿಂದಲೇ ವಿಷ ಕುಡಿದು ಸಾಯುತ್ತಾನೆ. ಅಜ್ಜಿ ಬಂದಿದ್ದಾಳೆ ಅಂತ ನಾನು ಎಂದಿಗಿಂತ ಚೆನ್ನಾಗಿ ಸತ್ತೆ. ಒದ್ದಾಡಿದೆ, ಎದ್ದೆ, ಎರಡು ಮಾತಾಡಿದೆ, ಮತ್ತೆ ಬಿದ್ದೆ. ಹೆಂಗಸರ ಕಡೆಯಿಂದ ಅಳು ಕೇಳಿಸಿತು. ಪರದೆ ಬಿದ್ದ ಮೇಲೆ ನೋಡಿದರೆ ಅಜ್ಜಿ ಕೂತಿದ್ದ ಜಾಗ ಖಾಲಿ.

ಮಾರನೇ ಬೆಳಗ್ಗೆ ಹಸಿದುಕೊಂಡು ಊರಿಗೆ ಹೋದೆ. ನಮ್ಮ ಮನೆ ಮುಂದೆ ಜನ. ಜಗಲಿಯ ಮೇಲೆ ಅಜ್ಜಿ ಒದ್ದೆ ಸೀರೆಯಲ್ಲಿ ಕೂತಿದ್ದಾಳೆ. ಮನೆಯ ಒಲೆ ಹಚ್ಚಿಲ್ಲ. ಪಕ್ಕದ ಮನೆಯವರು ಮುದ್ದೆ, ಹುರುಳಿ ಸಾರು ತಂದಿಟ್ಟಿದ್ದಾರೆ. ಉಲ್ಲಾಳದಿಂದ ಅತ್ತೆ ಬಾಯಿ ಬಡಿದುಕೊಂಡು ಬರುತ್ತಿದ್ದವಳು ನನ್ನನ್ನು ನೋಡಿ ಬಡಿದುಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ಯಾರಜ್ಜಿ ಹೋಗಿದ್ದು?" ಅಂದೆ.

"ನೀನೇ ಕಣ್ಲಾ."

"ಅಜ್ಜಿ! ಅದು ನಾಟಕ!"

"ನಾಟಕ ಅಂತ ನಂಗೂ ಗೊತ್ತು, ನನಗೇನು ತಲೆ ಕೆಟ್ಟೈತಾ? ಆದ್ರೂ ಮೊಮ್ಮಗ ಸತ್ತಿದ್ದು ಕಣ್ಣಾರೆ ಕಂಡ್ಮೇಲೆ ತಲೆಗೆ ನೀರು ಹಾಕ್ಕೊಳ್ಳದೆ ಅಡುಗೆ ಮನೆಗೆ ಹೋಗಕಾಗ್ತದಾ? ನೀನೂ ತಲೆಗೆ ನೀರು ಹುಯ್ಕೊಂಡು ಒಳಗೆ ಬಾ."

ಹುಯ್ದುಕೊಂಡೆ. ನನ್ನ ಸಾವಿಗೆ ಬಂದಿದ್ದ ಮುದ್ದೆಯನ್ನು ನಾನೇ ಉಂಡೆ. ಸಾರು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಆದರೆ ಸುದ್ದಿ ನನಗಿಂತ ಮುಂಚೆ ಕೆಂಗೇರಿಗೆ ಹೋಗಿತ್ತು. ಗೌಡರ ಮನೆಯಲ್ಲಿ ಬೇರೆ ಗಂಡಿನ ಮಾತು ಶುರುವಾಗಿದೆ ಅಂತ ತಿಳಿದು ಮಾವ ಎದ್ದೆನೋ ಬಿದ್ದೆನೋ ಅಂತ ಓಡಿದ. "ಗೌಡ್ರೇ, ಹುಡುಗ ಬದುಕವ್ನೆ! ಗುಂಡುಕಲ್ಲಿನಂಗೆ ಬದುಕವ್ನೆ!"

ಗೌಡರು ನಿಧಾನವಾಗಿ ಹೇಳಿದರಂತೆ: "ಬದುಕವ್ನೆ, ಸಂತೋಷ. ಅದು ಬಿಟ್ಟು ಇನ್ನೇನಾದ್ರೂ ಗುಣ ಐತಾ?"

ಗೋಡೆ ಮೇಲಿನ ಪಾತ್ರ

ಗುಣ ತೋರಿಸುವ ಕಾಲ ಬೇಗ ಬಂತು. ಹಿಂದಿನ ವರ್ಷ ಮದ್ರಾಸಿನಿಂದ ಬಂದಿದ್ದ ಒಂದು ಸಿನಿಮಾದವರು ನಮ್ಮ ನಾಟಕ ನೋಡಿ, ಅಷ್ಟು ಜನರ ನಡುವೆ ನನ್ನೊಬ್ಬನನ್ನೇ ಆರಿಸಿದ್ದರು. ನಾಯಕಿಯ ತಂದೆಯ ಪಾತ್ರ. ನನ್ನನ್ನು ಸ್ಟುಡಿಯೋಕ್ಕೆ ಕರೆಸಿ, ರೇಷ್ಮೆ ಪೇಟ ಇಟ್ಟು, ಬಿಳಿ ಮೀಸೆ ಅಂಟಿಸಿ, ಕುರ್ಚಿಯಲ್ಲಿ ಕೂರಿಸಿ ಒಂದು ಫೋಟೋ ತೆಗೆದು, "ಆಯ್ತು, ಹೋಗಿ" ಅಂದರು. ನನ್ನ ಮುಖ ಕ್ಯಾಮೆರಾಕ್ಕೆ ಹೇಗೆ ಒಪ್ಪುತ್ತದೆ ಅಂತ ನೋಡುವುದಕ್ಕೆ ತೆಗೆದಿದ್ದಾರೆ, ಮುಂದೆ ಕರೆಯುತ್ತಾರೆ ಅಂತ ನಾನು ಕಾದೆ. ಅವರು ಕರೆಯಲಿಲ್ಲ. ಸಿನಿಮಾನೇ ಬಂದುಬಿಟ್ಟಿತು, ಮಾಗಡಿ ರಸ್ತೆಯ ಟೆಂಟಿಗೆ.

ಕರೆಯದಿದ್ದರೇನು, ಪಾತ್ರ ಇರಲೇಬೇಕಲ್ಲ! ಹೆಗ್ಗನಹಳ್ಳಿಯಿಂದ ಗಾಡಿಗಳ ಸಾಲೇ ಹೊರಟಿತು. ಕೆಂಗೇರಿಗೂ ಹೇಳಿ ಕಳಿಸಿದೆ: 'ನಿಮ್ಮ ಅಳಿಯ ಆಗುವವನನ್ನು ಬೆಳ್ಳಿ ಪರದೆಯ ಮೇಲೆ ನೋಡಿ ಕಣ್ತುಂಬಿಕೊಳ್ಳಿ.' ಗೌಡರು ಬರಲಿಲ್ಲ, ಗೌಡತಿ ತಂಗಿಯನ್ನು ಕರೆದುಕೊಂಡು ಬಂದು ಹೆಂಗಸರ ಕಡೆ ಕೂತರು.

ಸಿನಿಮಾ ಶುರುವಾಯಿತು. ನಾನಿಲ್ಲ. ಹಾಡಾಯಿತು, ಹೊಡೆದಾಟವಾಯಿತು. ನಾನಿಲ್ಲ. ಊರಿನವರು ನನ್ನನ್ನೇ ತಿರುಗಿ ತಿರುಗಿ ನೋಡತೊಡಗಿದರು. "ಬರ್ತೀನಿ, ತಾಳ್ರಿ, ದೊಡ್ಡ ಪಾತ್ರಗಳು ಮೊದಲೇ ಬರಲ್ಲ" ಅಂದೆ. ಅಷ್ಟರಲ್ಲಿ ನಾಯಕಿ ಅಳುತ್ತಾ ಒಂದು ಕೋಣೆಗೆ ಓಡಿಬಂದು ಗೋಡೆಯ ಮುಂದೆ ನಿಂತು, "ಅಪ್ಪಾ, ನನ್ನನ್ನು ಒಬ್ಬಳನ್ನೇ ಬಿಟ್ಟು ಹೋದೆಯಾ!" ಅಂದಳು.

ಗೋಡೆಯ ಮೇಲೆ ನಾನಿದ್ದೆ. ಚೌಕಟ್ಟು ಹಾಕಿ, ಗಾಜಿನ ಮೇಲೆ ಕುಂಕುಮ ಇಟ್ಟು, ಗಂಧದ ಹಾರ ಹಾಕಿದ್ದರು. ಕೆಳಗೆ ದೀಪ ಬೇರೆ.

ನಮ್ಮೂರಿನವರು ಹಾಕಿದ ಸಿಳ್ಳೆಗೆ ಟೆಂಟಿನ ಬಟ್ಟೆ ಹಾರಿಹೋಗಬೇಕಿತ್ತು. ಆ ಹುಡುಗಿ ಮೂರು ಸಲ ಬಂದು ನನ್ನ ಮುಂದೆ ಅತ್ತಳು. ನಾನು ಒಂದೇ ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ. ಇದು ಬೇರೆಯವರಿಗೆ ಸುಲಭವಲ್ಲ.

ಆಚೆ ಬಂದ ಮೇಲೆ ಅಪ್ಪ ನನ್ನ ಬೆನ್ನು ತಟ್ಟಿದ. ಅಪ್ಪ ನನ್ನ ಕಲೆಯನ್ನು ಮೆಚ್ಚಿದ್ದು ಅದೇ ಮೊದಲು. "ಅಷ್ಟೊತ್ತು ಬಾಯಿ ಮುಚ್ಕೊಂಡು ಒಂದೇ ಕಡೆ ಕೂತಿದ್ದೆ ನೋಡು ಮಗಾ, ನನಗೆ ಅದೇ ಆಶ್ಚರ್ಯ" ಅಂದ.

ಗೌಡತಿ ಮಾತ್ರ ನಗಲಿಲ್ಲ. ಗಾಡಿ ಹತ್ತುವಾಗ ತಂಗಿಗೆ ಹೇಳುತ್ತಿದ್ದದ್ದು ಮಾವನ ಕಿವಿಗೆ ಬಿತ್ತು: "ಒಂದ್ಸಲ ಸತ್ತಿದ್ದಾಯ್ತು, ಈಗ ಹಾರ ಹಾಕಿದ್ದೂ ಆಯ್ತು. ಇನ್ನು ತಿಥಿ ವಡೆ ಒಂದು ಬಾಕಿ. ಈ ಅಪಶಕುನದೋನಿಗೆ ಕೊಟ್ಟು ನನ್ನ ಮಗಳ ಕುಂಕುಮ ಎಷ್ಟು ದಿನ ಇರ್ತದೋ ಅಂತ ನಾನು ಎದೆ ಹಿಡ್ಕೊಂಡು ಕೂರಬೇಕಾ?"

ಮಾವ ಬಂದು ನನ್ನ ಮುಂದೆ ಕೂತ. "ಗೌಡರು ಒಪ್ಪಿದ್ರೂ ಆಯಮ್ಮ ಒಪ್ಪಲ್ಲ ಕಣ್ಲಾ. ನೀನು ಆಯಸ್ಸು ಗಟ್ಟಿ ಇರೋನು ಅಂತ ಆಯಮ್ಮನಿಗೆ ನಂಬಿಕೆ ಬರೋವರೆಗೂ ಈ ಮದುವೆ ಆಗಲ್ಲ."

ನನ್ನಂಥ ಕಟ್ಟುಮಸ್ತಾದ ಆಳಿಗೆ ಬಂದ ಗತಿ ನೋಡಿ!

ಅಣ್ಣನಿಗೆ ಜಾಗ

ಇದು ಚಿಕ್ಕದು, ಆದರೂ ಹೇಳಲೇಬೇಕು, ನನ್ನ ಬಣ್ಣಗಾರಿಕೆ ಎಂಥದು ಅಂತ ನಿಮಗೆ ತಿಳಿಯಲಿ. ಭಾನುವಾರ ನಮಗೆ ಎರಡು ಆಟ. ನಡುವೆ ಗಡ್ಡ ಕಿತ್ತು ಮತ್ತೆ ಅಂಟಿಸುವ ರಗಳೆ ಯಾಕೆ ಅಂತ ಗಡ್ಡದಲ್ಲೇ ಊಟಕ್ಕೆ ಹೊರಟು ಬಸ್ಸು ಹತ್ತಿದೆ. ಜಾಗವಿರಲಿಲ್ಲ. ದೊಣ್ಣೆ ಹಿಡಿದು ಕೂತಿದ್ದ ಒಬ್ಬ ಮುದುಕರು ಎದ್ದು ನಿಂತು, "ಬನ್ನಿ ಅಣ್ಣಾ, ಕೂತ್ಕೊಳ್ಳಿ. ನಿಮಗೆಷ್ಟಾಯ್ತು ವಯಸ್ಸು?" ಅಂದರು.

"ಎಂಬತ್ತು ದಾಟಿತು."

"ನನಗಿನ್ನೂ ಎಪ್ಪತ್ತು. ನಾನು ನಿಂತ್ಕೋತೀನಿ."

ಕಲೆಗೆ ಸಿಕ್ಕ ಮರ್ಯಾದೆಯನ್ನು ಬೇಡ ಅನ್ನಬಾರದು. ಕೂತೆ. ಹೋಟೆಲು ಬಂದದ್ದು ಕಂಡು ಹಸಿವಿನಲ್ಲಿ ಎಲ್ಲ ಮರೆತು, ಓಡುತ್ತಿದ್ದ ಬಸ್ಸಿನಿಂದ ಹಾರಿ, ಚರಂಡಿ ದಾಟಿ ಆಚೆ ದಡದ ಮೇಲೆ ನಿಂತೆ. ಬಸ್ಸಿನ ಕಿಟಕಿಯಿಂದ ಆ ಮುದುಕರು ಅರ್ಧ ಮೈ ಆಚೆ ಹಾಕಿ ಕೂಗಿದರು: "ಅಣ್ಣಾ! ದಿನಾ ಏನು ತಿಂತೀರಾ? ಅದೊಂದು ಹೇಳಿ ಹೋಗಿ!"

ಬಣ್ಣದ ಮನೆಯಲ್ಲಿ ಗೌಡರು

ಅಂಥದ್ದೇ ಇನ್ನೊಂದು ಭಾನುವಾರ, ಮಧ್ಯಾಹ್ನದ ಆಟ. ನಾನು ಬಣ್ಣದ ಮನೆಯಲ್ಲಿ ಗಡ್ಡ, ಹುಬ್ಬು ಎಲ್ಲ ಅಂಟಿಸಿಕೊಂಡು ಕನ್ನಡಿ ಮುಂದೆ ಕೂತಿದ್ದೇನೆ. ಹಿಂದಿನ ಪರದೆ ಸರಿಯಿತು. ಕನ್ನಡಿಯಲ್ಲಿ ಗೌಡರ ಮೀಸೆ ಕಾಣಿಸಿತು.

"ಹಿರಿಯರೇ, ನಮಸ್ಕಾರ. ಹೆಗ್ಗನಹಳ್ಳಿ ಹುಡುಗ ಒಬ್ಬ ನಿಮ್ಮ ಕಂಪನೀಲಿ ಅವ್ನಂತಲ್ಲ?"

ಮುದಿ ರಾಜನ ದನಿ ತೆಗೆದು, ಮುದುಕರ ಹಾಗೆ ಕೈ ನಡುಗಿಸಿಕೊಂಡು, "ಇದಾನೆ. ಈಗ ತಾನೇ ಆಚೆ ಹೋದ. ಕೂತ್ಕೊಳ್ಳಿ ಗೌಡ್ರೇ" ಅಂದೆ.

"ಗೌಡ ಅಂತ ಹೆಂಗೆ ಗೊತ್ತಾಯ್ತು?"

"ಮೀಸೆ ನೋಡಿದೆ."

"ಓಹೋ." ಗೌಡರು ಪೆಟ್ಟಿಗೆಯ ಮೇಲೆ ಕೂತರು. "ಆ ಹುಡುಗನ ಕಡೆಯೋರು ನಮ್ಮ ಹುಡುಗೀನ ಕೇಳವ್ರೆ. ಅವ್ನು ಹೆಂಗೆ ಅಂತ ಒಂದು ಮಾತು ಕೇಳೋಣ ಅಂತ ಬಂದೆ. ನೀವು ವಯಸ್ಸಾದೋರು, ಮುಚ್ಚುಮರೆ ಮಾಡಲ್ಲ."

ಬೇರೆ ಯಾವನಾದರೂ ಆಗಿದ್ದರೆ ಅಲ್ಲೇ ಗಡ್ಡ ಕಿತ್ತು ಕಾಲಿಗೆ ಬೀಳುತ್ತಿದ್ದ. ಆದರೆ ಯೋಚನೆ ಮಾಡಿ: ಹೆಣ್ಣಿನ ಅಪ್ಪ ಎದುರಿಗೆ ಕೂತಿದ್ದಾನೆ, ನಿಮ್ಮ ಬಗ್ಗೆ ನೀವೇ ಎಷ್ಟು ಬೇಕಾದರೂ ಹೇಳಬಹುದು, ಜಂಬ ಅಂತ ಯಾರೂ ಅನ್ನುವ ಹಾಗಿಲ್ಲ. ಇಂಥ ಅವಕಾಶ ಯಾವ ಮದುವೆ ಗಂಡಿಗೆ ಸಿಕ್ಕಿದೆ?

"ಕುಡಿತ ಗಿಡಿತ?" ಎಂದರು ಗೌಡರು.

"ಮಜ್ಜಿಗೆ. ಅದೂ ನೀರು ಮಜ್ಜಿಗೆ."

"ಇಸ್ಪೀಟು?"

"ಅದರಲ್ಲಿ ರಾಜ ಯಾರು ಗುಲಾಮ ಯಾರು ಅಂತಾನೂ ತಿಳೀದು ಪಾಪ."

"ನಾಟಕ ಅಂದ್ರೆ ಹೆಂಗಸರು ಇರ್ತಾರೆ..."

"ಇದಾರೆ. ಎಲ್ಲರೂ ಅವನ ಕಾಲಿಗೆ ಬಿದ್ದು ಅಪ್ಪಾಜಿ ಅಂತಾರೆ."

"ಹೊಲದ ಕೆಲಸ ಬರ್ತದಾ?"

"ಅವನು ಉತ್ತರೆ ನೆಲಕ್ಕೇ ಖುಷಿ. ಬಲ ಅಂದ್ರೆ ಬಲ, ರೂಪ ಅಂದ್ರೆ ರೂಪ. ಇನ್ನು ನಟನೆ ವಿಚಾರಕ್ಕೆ ಬಂದ್ರೆ, ನಾನೇ ಇಷ್ಟು ವರ್ಷ ಬಣ್ಣ ಹಚ್ಚಿದೀನಿ, ಆ ಹುಡುಗನ ಮುಂದೆ ನಾನು ಏನೂ ಅಲ್ಲ. ಅವನು ರಂಗಕ್ಕೆ ಬಂದ್ರೆ ಹಾರ್ಮೋನಿಯಂ ನುಡಿಸೋನು ನುಡಿಸೋದು ಮರೀತಾನೆ." ಹೀಗೇ ಹೇಳುತ್ತಾ ಹೋದೆ. ಹೊರಗೆ ಮೊದಲ ಗಂಟೆ ಹೊಡೆದರು, ಎರಡನೆಯದೂ ಹೊಡೆದರು, ನಾನು ಇನ್ನೂ ನನ್ನ ಹಣೆಯ ತೇಜಸ್ಸಿನ ಹತ್ತಿರ ಇದ್ದೆ.

ಗೌಡರು ಎದ್ದರು. "ಎಲ್ಲಾ ಸರಿ ಹಿರಿಯರೇ. ಮನುಷ್ಯ ಅಂದ್ಮೇಲೆ ಒಂದಾದ್ರೂ ಐಬು ಇರ್ಬೇಕಲ್ಲ?"

ಏನೂ ಇಲ್ಲ ಅಂದರೆ ಅನುಮಾನ ಪಡುತ್ತಾರೆ. ಗಡ್ಡ ನೀವಿಕೊಂಡು ಯೋಚಿಸಿ ಹೇಳಿದೆ: "ಒಂದೇ ಒಂದು ಇದೆ ಗೌಡ್ರೇ. ತನ್ನ ಬಗ್ಗೆ ತಾನು ಹೇಳ್ಕೊಳ್ಳೋದಕ್ಕೆ ತುಂಬಾ ನಾಚ್ಕೋತಾನೆ."

ಗೌಡರಿಗೆ ಕೆಮ್ಮು ಬಂತು. ಟವೆಲನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸಿಕೊಂಡು, ಕೆಮ್ಮುತ್ತಲೇ ಆಚೆ ಹೋದರು. ಪಾಪ, ಮುಖದ ಪೌಡರಿನ ಧೂಳು ಅಭ್ಯಾಸ ಇಲ್ಲದವರಿಗೆ ಆಗುವುದಿಲ್ಲ.

ಹಲಸಿನ ಮೇಣ

ಅದಾದ ಮೇಲೆ ಕೆಂಗೇರಿಯಿಂದ ಹೇಳಿ ಕಳಿಸಿದರು: 'ವೀಳ್ಯಶಾಸ್ತ್ರಕ್ಕೆ ಬನ್ನಿ. ನಿಮ್ಮ ಕಂಪನಿಯ ಆ ಹಿರಿಯರನ್ನೂ ಕರ್ಕೊಂಡು ಬನ್ನಿ.' ಮಾವ ಕೇಳಿದ, "ಯಾವ ಹಿರಿಯರೋ?" ಹೇಳಿದೆ. ಮಾವ ತಲೆ ಮೇಲೆ ಕೈ ಹೊತ್ತುಕೊಂಡ. "ಏನೂ ಆಗಲ್ಲ ಮಾವ, ಹುಷಾರಿಲ್ಲ ಅಂದ್ಬಿಡೋಣ" ಅಂದೆ. ಆದರೂ ಇರಲಿ ಅಂತ ಗಡ್ಡ, ಹುಬ್ಬು ಚೀಲದಲ್ಲಿ ಹಾಕಿಕೊಂಡೆ. ನಾನು ಮುಂದಾಲೋಚನೆಯವನು. ಅಂಟಿನ ಶೀಶೆ ಮಾತ್ರ ಮರೆತೆ.

ಚಾಪೆ ಹಾಸಿ, ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿಟ್ಟಿದ್ದರು. ಎರಡು ಮನೆಯವರು ಆ ಎಲೆ ಅಡಿಕೆ ಕೈ ಬದಲಾಯಿಸಿಕೊಂಡರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಅಪ್ಪ ಕೈ ಚಾಚಿದ. ಗೌಡತಿ ಬಾಗಿಲ ಹತ್ತಿರದಿಂದ, "ಆ ಅಜ್ಜ ಎಲ್ಲಿ? ಹುಡುಗನ ಆಯಸ್ಸಿನ ವಿಚಾರ ಆ ಅಜ್ಜನ ಬಾಯಲ್ಲೇ ನಾನು ಕೇಳಬೇಕು. ಇಲ್ದಿದ್ರೆ ಎಲೆ ಮುಟ್ಟಬೇಡಿ" ಎಂದರು. ಗೌಡರು ನನ್ನ ಕಡೆ ನೋಡಿ, "ಹೌದಪ್ಪ, ಅವರು ಬರಲೇಬೇಕು" ಎಂದರು.

ಬಾಗಿಲ ಸಂದಿನಲ್ಲಿ ಹಸಿರು ಬಳೆಯ ಕೈಯೊಂದು ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಹುಷಾರಿಲ್ಲ ಅನ್ನುವ ಮಾತು ಬಾಯಿಗೆ ಬರಲಿಲ್ಲ. "ಬಂದಿದಾರೆ. ಕಾಲು ತೊಳೆಯೋಕೆ ಕೆರೆ ಕಡೆ ಹೋದ್ರು. ಕರ್ಕೊಂಡು ಬರ್ತೀನಿ" ಎಂದು ಎದ್ದುಬಿಟ್ಟೆ.

ಕೊಟ್ಟಿಗೆ ಹಿಂದೆ ಹೋಗಿ ಚೀಲ ಬಿಚ್ಚಿದರೆ ಅಂಟಿಲ್ಲ. ತಲೆಯೆತ್ತಿದರೆ ಹಲಸಿನ ಮರ. ಒಂದು ಎಳೇ ಕಾಯಿ ಕಿತ್ತೆ, ತೊಟ್ಟಿನಿಂದ ಬೆಳ್ಳಗೆ ಮೇಣ ಸುರಿಯಿತು. ಗಲ್ಲಕ್ಕೆ, ತುಟಿ ಮೇಲೆ, ಹುಬ್ಬಿಗೆ ಬಳಿದು ಗಡ್ಡ ಒತ್ತಿದೆ. ಯಾರದೋ ಕಂಬಳಿಯನ್ನು ತಲೆ ಮೇಲಿಂದ ಹೊದ್ದು, ಕೋಲು ಊರಿಕೊಂಡು ನಡುಗುತ್ತಾ ಒಳಗೆ ಬಂದೆ.

ನನ್ನ ಅಪ್ಪ ಎದ್ದು ನಿಂತು ಕೈ ಮುಗಿದ. ಹುಟ್ಟಿದ ಮೇಲೆ ಅಪ್ಪನಿಂದ ನನಗೆ ಸಿಕ್ಕ ಮೊದಲ ನಮಸ್ಕಾರ. ಮಾವನಿಗೆ ಅಡಿಕೆ ಗಂಟಲಿಗೆ ಸಿಕ್ಕಿಕೊಂಡಿತು.

ಗೌಡತಿ ಸೆರಗು ಹೊದ್ದು ಮುಂದೆ ಬಂದರು. "ಅಜ್ಜಾ, ನಿಮ್ಮ ಬಾಯಿಂದ ಒಂದು ಮಾತು ಹೇಳಿ. ಹುಡುಗನ ಆಯಸ್ಸು ಗಟ್ಟಿನಾ?"

"ತಾಯೀ, ನನ್ನಷ್ಟು ವಯಸ್ಸಾಗೋವರೆಗೂ ಅವನಿಗೆ ಏನೂ ಆಗಲ್ಲ. ನನ್ನ ನೋಡ್ಕೊಳ್ಳಿ."

ಗೌಡತಿಯ ಮುಖ ಅರಳಿತು. ಗೌಡರು, "ಹಂಗಾದ್ರೆ ಹುಡುಗನ್ನ ಕರೀರಿ ಹಿರಿಯರೇ, ಎಲೆ ಅಡಿಕೆ ಬದಲಾಯಿಸೋಣ. ಇನ್ನೇನು ರಾಹುಕಾಲ ಬರ್ತದೆ" ಎಂದರು.

ಕೊಟ್ಟಿಗೆ ಹಿಂದೆ ಓಡಿದೆ. ಗಡ್ಡ ಹಿಡಿದು ಎಳೆದೆ. ಗಲ್ಲವೇ ಬಂದ ಹಾಗಾಯಿತು, ಗಡ್ಡ ಬರಲಿಲ್ಲ. ದನದ ಬಾನಿಯಲ್ಲಿ ಮುಖ ಅದ್ದಿದೆ. ಇನ್ನೂ ಗಟ್ಟಿಯಾಯಿತು. ಬೂದಿ ಉಜ್ಜಿದೆ, ಮಣ್ಣು ಉಜ್ಜಿದೆ. ಒಳಗಿನಿಂದ "ಹುಡುಗ ಎಲ್ಲಿ? ಈಗ ಮುದುಕರೂ ಇಲ್ವಲ್ಲ?" ಅಂತ ಗಲಾಟೆ. ಮಾವ ಓಡಿ ಬಂದ.

"ಲೇ, ಬಾರ್ಲಾ ಬೇಗ!"

"ಬರ್ತಾ ಇಲ್ಲ ಮಾವ!"

"ಕಿತ್ತು ಬಿಸಾಕು!"

"ತುಟಿನೂ ಕಿತ್ಕೊಂಡು ಬರ್ತದೆ!"

"ರಾಹುಕಾಲ ಬಂದ್ರೆ ಇವತ್ತಿಗೆ ಮುಗೀತು. ಇನ್ನೊಂದು ದಿನ ಅಂದ್ರೆ ಆಯಮ್ಮ ಮನಸ್ಸು ಬದಲಾಯಿಸ್ತಾಳೆ ಕಣ್ಲಾ!" ಎಂದು ಮಾವ ಒಳಗಿನವರನ್ನು ತಡೆಯುವುದಕ್ಕೆ ಓಡಿದ. ನಾನು ಸಗಣಿ ಗುಡ್ಡೆಯ ಪಕ್ಕ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಹುಬ್ಬು ಎಳೆದದ್ದಕ್ಕೆ ಬಂದದ್ದು, ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಹಿಂದೆ ಬಳೆ ಸದ್ದಾಯಿತು. ಹುಡುಗಿ. ಕೈಯಲ್ಲಿ ಹರಳೆಣ್ಣೆ ಬಟ್ಟಲು.

"ಹಲಸಿನ ಮೇಣಕ್ಕೆ ಯಾರಾದ್ರೂ ನೀರು ಹಾಕ್ತಾರಾ? ನೀವು ಹಳ್ಳಿಯೋರೇನಾ?"

ಅವಳು ನನ್ನ ಜೊತೆ ಆಡಿದ ಮೊದಲ ಮಾತು ಇದು. ಮುದುಕನ ದನಿ ತೆಗೆಯಬೇಕೋ ನನ್ನದು ತೆಗೆಯಬೇಕೋ ತಿಳಿಯದೆ ಸುಮ್ಮನೆ ಬಟ್ಟಲು ತೆಗೆದುಕೊಂಡೆ.

"ಅಪ್ಪ ಕೊಟ್ಟು ಕಳಿಸಿದ್ರು" ಎಂದಳು.

"ಯಾರಿಗೆ ಅಂತ?"

"ಆ ತಾತನಿಗೆ ಕೊಡು ಅಂದ್ರು. ಬೇಗ ಎಣ್ಣೆ ಹಚ್ಕೊಂಡು ಒಳಗಿರೋ ಹುಡುಗನ್ನ ಆಚೆ ತೆಗೀಲಿ ಅಂದ್ರು." ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು. ಭುಜ ಕುಣಿಯುವುದು ಆ ಮನೆತನದಲ್ಲೇ ಇರಬೇಕು.

ಎಣ್ಣೆಗೆ ಗಡ್ಡ ಬೆಣ್ಣೆಯ ಹಾಗೆ ಜಾರಿತು. ಮುಖ ಕೆಂಪಗೆ, ಎಣ್ಣೆಯಲ್ಲಿ ಮಿರಿಮಿರಿ, ಒಂದು ಹುಬ್ಬು ಇನ್ನೂ ಬೆಳ್ಳಗೆ. ಹಾಗೇ ಒಳಗೆ ಹೋಗಿ ನಿಂತೆ. ಅಪ್ಪ ತಾನು ಮುಗಿದಿದ್ದ ಕೈಗಳನ್ನು ನೋಡಿಕೊಂಡ. ಗೌಡತಿ ಹತ್ತಿರ ಬಂದು ನನ್ನ ಬಿಳಿ ಹುಬ್ಬನ್ನು, ಕೈಯಲ್ಲಿದ್ದ ಕಂಬಳಿಯನ್ನು ನೋಡಿದರು. ಎಲ್ಲ ಅರ್ಥವಾಯಿತು. ಮುಗಿಯಿತು ನನ್ನ ಕತೆ ಅಂದುಕೊಂಡೆ.

ಆಯಮ್ಮ ಎದೆಯ ಮೇಲೆ ಕೈಯಿಟ್ಟು ಉಸ್ಸೆಂದು ಉಸಿರು ಬಿಟ್ಟರು. "ಸದ್ಯ! ಮುದುಕ ಆದ್ಮೇಲೂ ಗಟ್ಟಿಯಾಗೇ ಇರ್ತಾನೆ. ಕಣ್ಣಾರೆ ನೋಡ್ದಂಗಾಯ್ತು. ಎಲೆ ಅಡಿಕೆ ಬದಲಾಯಿಸ್ರೀ."

ಆ ಎಲೆ ಅಡಿಕೆ ಅಪ್ಪನ ಕೈ ಸೇರಿದಾಗ ನನ್ನ ಮೈ ಹೂವಿನಷ್ಟು ಹಗುರಾಯಿತು. ಮದುವೆ ಮುಂದಿನ ತಿಂಗಳು.

ಊಟಕ್ಕೆ ಕೂತಾಗ ಒಂದೇ ಒಂದು ವಿಚಾರ ನನ್ನನ್ನು ಕೊರೆಯುತ್ತಿತ್ತು. ಕಲಾವಿದನ ಮನಸ್ಸು ನೋಡಿ. ಗೌಡರ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದೆ: "ಮಾವಯ್ಯ, ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತು ಬಣ್ಣದ ಮನೇಲೇ."

"ಯಾಕೆ? ಗಡ್ಡ ಸರಿಯಾಗಿ ಕೂತಿರ್ಲಿಲ್ವಾ?"

"ಗಡ್ಡ ಚೆನ್ನಾಗಿತ್ತು."

"ದನಿ?"

"ದನೀನೂ ಚೆನ್ನಾಗಿತ್ತಪ್ಪ. ಕೈ ನಡುಗಿಸ್ತಿದ್ಯಲ್ಲ, ಅದಂತೂ ಭೇಷ್."

"ಮತ್ತೆ ಹೆಂಗೆ?"

ಗೌಡರು ಮುದ್ದೆ ಮುರಿದು ಸಾರಿಗೆ ಅದ್ದಿದರು. "ಇನ್ನೊಬ್ಬರ ಮನೆ ಹುಡುಗನ್ನ ಅಷ್ಟೊಂದು ಹೊಗಳೋ ಮುದುಕ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ ಕಣಪ್ಪ."